ಭರತ ಇಳಿಯುವವರೆಗೆ

"ಹೊಯ್ಗೆ ನೋಡ್ಲಿಕ್ಕೆ ದುಡ್ಡು ಕೊಟ್ಟು ಹೋದ್ರಾ?" ಅಂತ ಅಮ್ಮ ಫೋನಿನಲ್ಲಿ ನಕ್ಕಳು. ಹೊಯ್ಗೆ ಅಂದರೆ ನಮ್ಮ ಕಡೆ ಮರಳು. ಕುಮಟೆಯವಳ ಪ್ರಶ್ನೆ. ನಾನೂ ಕುಮಟೆಯವಳೇ, ಹಾಗಾಗಿ ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ.

ನಾವು ಹೋಗಿದ್ದು ಜಗತ್ತಿನ ಅತಿ ದೊಡ್ಡ ಮರಳು ದ್ವೀಪಕ್ಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಪಕ್ಕ 120 ಕಿ.ಮೀ.ಗೂ ಉದ್ದಕ್ಕೆ ಮಲಗಿದೆ. ಬ್ರಿಸ್ಬೇನಿನಲ್ಲಿ ಈಗಲೂ ಅನೇಕರ ಬಾಯಲ್ಲಿ ಅದು ಫ್ರೇಸರ್ ಐಲ್ಯಾಂಡೇ. ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನರು ಇಟ್ಟ ಮೂಲ ಹೆಸರು K'gari 2023ರಲ್ಲಿ ಅಧಿಕೃತವಾಗಿ ವಾಪಸು ಬಂತು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು 'ಕೆ' ಇರುತ್ತದೆ, ಹೇಳುವಾಗ ಅದು ನುಂಗಿಹೋಗುತ್ತದೆ. ನವಿಲುಗರಿಯ 'ಗರಿ' ಅಂದರೆ ಹೆಚ್ಚುಕಡಿಮೆ ಸರಿ. ನನ್ನ ಮಗನಿಗೆ ಅಷ್ಟು ಸಾಕಾಯಿತು, ಮೂರು ದಿನ 'ಗರಿ ಗರಿ' ಅಂತ ಕುಣಿದ.

ದ್ವೀಪ ಮುಟ್ಟುವ ಮೊದಲೇ ಮಾನ ಹೋಯಿತು. ಇನ್‌ಸ್ಕಿಪ್ ಪಾಯಿಂಟಿನಲ್ಲಿ ಬಾರ್ಜ್, ಅಂದರೆ ಗಾಡಿ ದಾಟಿಸುವ ದೋಣಿ, ಹತ್ತುವ ಜಾಗಕ್ಕೆ ಮೊದಲು ಹಿಟ್ಟಿನಂಥ ಸಡಿಲ ಮರಳು. ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿದ್ದೇನೆಂಬ ಧೈರ್ಯದಲ್ಲಿ ನುಗ್ಗಿದೆ. ಗಾಡಿ ಒಮ್ಮೆ ನರಳಿ ನಿಂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡಿತು. "ಸಾಕು ಮಾರಾಯ್ತಿ, ಒತ್ತಬೇಡ" ಅಂತ ಇವರು ಇಳಿದು ಸಲಿಕೆ ಹಿಡಿದರು. ಹಿಂದಿನ ಗಾಡಿಯ ಹುಡುಗ ಬಂದು ತನ್ನ ಮೀಟರ್ ಹಚ್ಚಿ ನೋಡಿದರೆ 27! ನನ್ನ ಮೀಟರ್ ಅಷ್ಟು ದಿನ ಸುಳ್ಳು ಹೇಳುತ್ತಿತ್ತು. ಗಾಳಿ ಬಿಟ್ಟು, ಚಕ್ರದ ಮುಂದಿನ ಮರಳು ಬಗೆದು, ಅವನದೇ ಪ್ಲಾಸ್ಟಿಕ್ ಹಲಗೆಗಳನ್ನು ತುರುಕಿದ ಮೇಲೆ ಗಾಡಿ ಹೊಟ್ಟೆ ಎಳೆದುಕೊಂಡು ಮೇಲೆ ಬಂತು.

ಬಾರ್ಜ್ ಇಳಿದರೆ ಸಮುದ್ರದಂಡೆಯೇ ಹೆದ್ದಾರಿ. ಗಂಟೆಗೆ 80 ಕಿ.ಮೀ. ಮಿತಿ, ಪೊಲೀಸರೂ ಇರುತ್ತಾರೆ, ನಡುವೆ ಪುಟ್ಟ ವಿಮಾನ ಇಳಿದರೆ ನಾವು ದಾರಿ ಬಿಡಬೇಕು. ಆದರೆ ನಿಜವಾದ ಯಜಮಾನ ಉಬ್ಬರ. ನಮ್ಮೂರ ಬಾಯಲ್ಲಿ ಭರತ. ಭರತದ ಹಿಂದೆ ಎರಡು ತಾಸು, ಮುಂದೆ ಎರಡು ತಾಸು ದಂಡೆಗೆ ಗಾಡಿ ಇಳಿಸಬಾರದು. ಸಡಿಲ ಮರಳಿಗೂ ನೀರಿಗೂ ನಡುವೆ ಗಟ್ಟಿ ನೆಲವೇ ಉಳಿದಿರುವುದಿಲ್ಲ. ಮೀನುಗಾರರ ಊರಲ್ಲಿ ಬೆಳೆದೂ ಭರತದ ಪಟ್ಟಿ ನೋಡಿ ತಿಂಡಿಯ ಹೊತ್ತು ಗೊತ್ತುಮಾಡಿದ್ದು ನಾನು ಇದೇ ಮೊದಲು.

ಈಲೈ ಕ್ರೀಕಿನಲ್ಲಿ ಮಗ ಟ್ಯೂಬಿನ ಮೇಲೆ ಮಲಗಿ ತೇಲಿದ. ಮಹೇನೋ ಹಡಗಿನ ಅಸ್ಥಿಪಂಜರವನ್ನು ದೂರದಿಂದಲೇ ನೋಡಿದೆವು. ಗುಜರಿಗೆಂದು ಜಪಾನಿಗೆ ಎಳೆದೊಯ್ಯುವಾಗ 1935ರ ಚಂಡಮಾರುತಕ್ಕೆ ಸಿಕ್ಕಿ ಇಲ್ಲಿ ಬಿದ್ದದ್ದು.

ಡುಂಡುಬಾರದಲ್ಲಿ ಬೇಲಿಯೊಳಗೆ ಟೆಂಟ್ ಹಾಕಿದ್ದು ಡಿಂಗೋ ಎಂಬ ಕಾಡುನಾಯಿಗಳ ದೆಸೆಯಿಂದ. ನೋಡಲು ಥೇಟ್ ನಮ್ಮೂರ ಕಂದು ನಾಯಿ. ಅದೇ ಅಪಾಯ, ಮಕ್ಕಳು ಚು ಚು ಅಂದುಬಿಡುತ್ತಾರೆ. ತಿನ್ನುವ ಒಂದು ಚೂರೂ ಟೆಂಟಿನಲ್ಲಿ ಇರಕೂಡದು. ರಾತ್ರಿ ಹನ್ನೊಂದಕ್ಕೆ ಇವರ ಜಾಕೆಟ್ ಜೇಬಿನಲ್ಲಿ ಚಕ್ಕುಲಿ ಸಿಕ್ಕಿತು. ಮಲಗಿದ್ದವರನ್ನು ಎಬ್ಬಿಸಿ ಗಾಡಿಯೊಳಗೆ ಇಟ್ಟು ಬರಲು ಕಳಿಸಿದೆ. ಬೆಳಿಗ್ಗೆ ಬೇಲಿಯಾಚೆ, ನಿನ್ನೆಯ ಟೈರಿನ ಗೆರೆಯ ಮೇಲೆಯೇ, ಸಾಲಾಗಿ ಹೆಜ್ಜೆಗಳು. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ. ಇವರು ಮಾತಾಡದೆ ಚಹಾ ಕುಡಿದರು.

ವಾಪಸಾಗುವ ದಿನ ಭರತ ಹನ್ನೊಂದೂವರೆಗೆ. ಕತ್ತಲಲ್ಲೇ ಟೆಂಟ್ ಮಡಚಿ, ಬೆಳಕು ಹರಿಯುವಾಗ ದಂಡೆ ಹಿಡಿದು ಯೂರಾಂಗ್ ಸೇರಿ, ಸಮುದ್ರ ತುಂಬುವ ಹೊತ್ತಿಗೆ ಒಳಗಿನ ಕಾಡಿನ ದಾರಿಯಲ್ಲಿ ಮೆಕೆಂಜಿ ಸರೋವರಕ್ಕೆ ಹೋದೆವು. ಕೊಳೆತ ಎಲೆಗಳ ಸತ್ವ ಮರಳನ್ನು ಅಂಟಿಸಿ ತಳ ಕಟ್ಟಿದೆ, ಅದರ ಮೇಲೆ ನಿಂತದ್ದು ಬರೀ ಮಳೆನೀರು. ಹೊಳೆಯಿಲ್ಲ, ಊಟೆಯಿಲ್ಲ. ದಂಡೆಯ ಮರಳು ರವೆಯಲ್ಲ, ಮೈದಾ. ಮುಷ್ಟಿಯಲ್ಲಿ ಹಿಡಿದು ಬೆಳ್ಳಿ ಕಾಲುಂಗುರ ಉಜ್ಜಿದೆ, ಫಳಫಳ.

ಅದರದ್ದೇ ಫೋಟೋ ಅಮ್ಮನಿಗೆ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಹೊಯ್ಗೆ ಚಲೋ ಇದೆ. ಕಾಲು ಯಾಕೆ ಇಷ್ಟು ಕಪ್ಪಾಗಿದೆ?"