ಮಗುಗೆ ಒಂಬತ್ತು ವರ್ಷ ಆಯ್ತು, ಸ್ಕೇಟ್‌ಬೋರ್ಡ್ ಕಲಿಯೋಕೆ ಲೇಟಾಯ್ತಾ ಸಾರ್?

ಇಲ್ಲ. ಲೇಟಾಗಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ಮೈಸೂರಿನ ವಿಜಯನಗರ 4ನೇ ಹಂತದ ಒಂದು ಖಾಲಿ ರಸ್ತೆಯಲ್ಲಿ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಹೇಳಿಕೊಡುತ್ತೇನೆ. ಹೊಸದಾಗಿ ಬರುವ ಅಪ್ಪ ಅಮ್ಮಂದಿರು ಬೋರ್ಡ್ ಮುಟ್ಟಿ ನೋಡುವ ಮೊದಲೇ ಇದನ್ನು ಕೇಳುತ್ತಾರೆ. 2021ರ ಟೋಕಿಯೋ ಒಲಿಂಪಿಕ್ಸ್ ಆದಮೇಲೆ ಜಾಸ್ತಿಯಾಯಿತು. ಅಲ್ಲಿ ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ (ಮೆಟ್ಟಿಲು, ಕಂಬಿಗಳ ಮೇಲೆ ಆಡುವುದು) ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ 13 ವರ್ಷ, ಬೆಳ್ಳಿ ಗೆದ್ದ ರಾಯ್ಸಾ ಲಿಯಾಲ್‌ಗೂ 13. ಬಟ್ಟಲಿನಂಥ ಗುಂಡಿಗಳಲ್ಲಿ ಆಡುವ ಪಾರ್ಕ್ ವಿಭಾಗದಲ್ಲಿ ಬೆಳ್ಳಿ ಗೆದ್ದ ಕೊಕೊನಾ ಹಿರಾಕಿಗೆ ಬರೀ 12. "ಹಾಗಾದ್ರೆ ಐದಕ್ಕೇ ಸೇರಿಸಬೇಕಿತ್ತಲ್ವಾ?" ಎಂದು ಎಲ್‌ಕೆಜಿ ಸೀಟು ಕೈತಪ್ಪಿದವರ ಹಾಗೆ ಮುಖ ಮಾಡುತ್ತಾರೆ. ಮಗು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಅಮೆರಿಕದ ಸ್ಕೇಟ್‌ಬೋರ್ಡ್ ಆಟಗಾರ ಟೋನಿ ಹಾಕ್ ಹೆಸರು ಕೇಳಿರುತ್ತೀರಿ. ಅಣ್ಣ ತನ್ನ ಹಳೇ ಬೋರ್ಡ್ ಕೊಟ್ಟಾಗ ಅವನಿಗೆ 9 ವರ್ಷ, 14ಕ್ಕೆ ಪ್ರೊಫೆಷನಲ್ ಆದ. ಎಲ್ಲರೂ ಇಷ್ಟು ಓದಿ ನಿಲ್ಲಿಸುತ್ತಾರೆ. ಆಗ ಅವನು ಎಷ್ಟು ಸಣಕಲು ಅಂದರೆ ಮೊಣಕಾಲಿನ ಪ್ಯಾಡ್ ನಿಲ್ಲುತ್ತಲೇ ಇರಲಿಲ್ಲ, ಮೊಣಕೈ ಪ್ಯಾಡನ್ನೇ ಮೊಣಕಾಲಿಗೆ ಕಟ್ಟಿಕೊಳ್ಳುತ್ತಿದ್ದ. ಹದಿಹರೆಯದಲ್ಲೇ ಸ್ವಂತ ಮನೆ ಕೊಳ್ಳುವಷ್ಟು ದುಡ್ಡು ಬಂತು. 1990ರ ದಶಕ ಶುರುವಾದಾಗ ದೊಡ್ಡ ರ‍್ಯಾಂಪಿನ ಆಟವನ್ನು ಕೇಳುವವರೇ ಇಲ್ಲದಂತಾಗಿ ಸಂಪಾದನೆ ಕುಸಿಯಿತು. ಅವನು ಬಿಡಲಿಲ್ಲ. ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗುವ 900 ಅನ್ನೋ ಪಟ್ಟು ಅವನಿಗೆ ದಕ್ಕಿದ್ದು 1999ರ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡೆಗಳ ಸ್ಪರ್ಧೆಯಲ್ಲಿ, 31ನೇ ವಯಸ್ಸಿಗೆ. ಅದೂ ಅವತ್ತು ಮತ್ತೆ ಮತ್ತೆ ಬಿದ್ದು ಎದ್ದ ಮೇಲೆ. ಆಸ್ಟ್ರೇಲಿಯಾದ ಅರಿಸಾ ಟ್ರೂ 2024ರಲ್ಲಿ ಅದನ್ನೇ 14ಕ್ಕೆ ಮಾಡಿದಳು, ನಿಜ. ಆದರೆ ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನ ಪಾರ್ಕ್ ಸ್ಪರ್ಧೆಗಳಲ್ಲಿ 11 ವರ್ಷದ ಝೆಂಗ್ ಹಾವ್‌ಹಾವ್ ಇದ್ದಳು, 51 ವರ್ಷದ ಆ್ಯಂಡಿ ಮೆಕ್‌ಡೊನಾಲ್ಡ್ ಕೂಡ ಇದ್ದ. ಇದರಲ್ಲಿ ನಿಮಗೆ ಯಾವ ವಯಸ್ಸಿನ ಲೆಕ್ಕ ಬೇಕು?

ಕಳೆದ ದಸರಾ ರಜೆಯಲ್ಲಿ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಒಂಬತ್ತು ವರ್ಷ. ಮುಂದಿನ ಕಾಲು ಎಲ್ಲಿಡಬೇಕು, ಹಿಂದಿನ ಕಾಲಲ್ಲಿ ಹೇಗೆ ತಳ್ಳಬೇಕು ಅಂತ ಅರ್ಧ ಗಂಟೆಯಲ್ಲೇ ಕಲಿತಳು. ಅಪ್ಪ ಫೋನ್ ಹಿಡಿದು ಪಕ್ಕದಲ್ಲೇ ಓಡುತ್ತಿದ್ದರು. ಕಡಲೆಕಾಯಿ ಗಾತ್ರದ ಒಂದು ಜಲ್ಲಿಕಲ್ಲು ಮುಂದಿನ ಗಾಲಿಗೆ ಸಿಕ್ಕಿತು. ಬೋರ್ಡ್ ಗಕ್ಕನೆ ನಿಂತಿತು, ಹುಡುಗಿ ಮುಂದಕ್ಕೆ ಹಾರಿ ಬಿದ್ದಳು. ಅಂಗೈ ತರಚಿ ಸಣ್ಣ ಸಣ್ಣ ಮರಳು ಮೆತ್ತಿಕೊಂಡಿತ್ತು. ಅವಳು ಕೈ ನೋಡಿಕೊಳ್ಳಲಿಲ್ಲ. ಫೋನ್ ಕಡೆ ನೋಡಿ, "ಸಾರಿ ಅಪ್ಪ" ಅಂದಳು.

ಬಿದ್ದದ್ದಕ್ಕೆ ಸಾರಿ!

ನಾನು ಆ ಕಲ್ಲು ಎತ್ತಿ ಅವಳ ಕೈಗೆ ಕೊಟ್ಟೆ. ತಪ್ಪು ಇದರದ್ದು, ನಿನ್ನದಲ್ಲ ಪುಟ್ಟಿ ಅಂದೆ. ಅವಳು ಅದನ್ನು ಜೇಬಿಗೆ ಹಾಕಿಕೊಂಡಳು.

ಇಷ್ಟು ವರ್ಷದಲ್ಲಿ ಒಬ್ಬರಾದರೂ "ಬೀಳೋದು ಹೇಗೆ ಅಂತ ಹೇಳಿಕೊಡ್ತೀರಾ?" ಎಂದು ಕೇಳಿದ್ದರೆ ಕೂರಿಸಿಕೊಂಡು ಒಂದು ಗಂಟೆ ಮಾತಾಡುತ್ತಿದ್ದೆ. ನಾನು ಮೊದಲು ಕಲಿಸುವುದೇ ಅದು. ಬೀಳ್ತೀನಿ ಅನ್ನಿಸಿದ ಕ್ಷಣ ಮೊಣಕಾಲು ಮಡಚಿ ತಗ್ಗಬೇಕು, ಅಂಗೈ ಊರಬಾರದು, ಊರಿದರೆ ಮಣಿಕಟ್ಟು ಮುರಿಯಬಹುದು. ಭುಜ ಕೊಟ್ಟು ಉರುಳಿಬಿಡಬೇಕು. ಹುಲ್ಲಿನ ಮೇಲೆ ಬೋರ್ಡೇ ಇಲ್ಲದೆ ಇದನ್ನು ಇಪ್ಪತ್ತು ಸಲ ಮಾಡಿಸುತ್ತೇನೆ, ಮಕ್ಕಳಿಗೆ ಇದು ತುಂಬಾ ಇಷ್ಟ. ಅವತ್ತು ಅಪ್ಪನ ಅವಸರಕ್ಕೆ ಮಣಿದು ಅದನ್ನು ಬಿಟ್ಟು ನೇರ ಬೋರ್ಡ್ ಹತ್ತಿಸಿದ್ದೆ. ಆ ತಪ್ಪು ಮಾತ್ರ ನನ್ನದೇ. ಹೆಲ್ಮೆಟ್ ಬಗ್ಗೆಯೂ ಯಾರೂ ಕೇಳುವುದಿಲ್ಲ. ಬ್ರಿಟನ್ನಿನ ಸ್ಕೇಟ್‌ಬೋರ್ಡ್ ಆಟಗಾರ್ತಿ ಸ್ಕೈ ಬ್ರೌನ್ 2020ರಲ್ಲಿ ಅಭ್ಯಾಸ ಮಾಡುವಾಗ ಬಿದ್ದು ತಲೆಬುರುಡೆಯೇ ಬಿರುಕು ಬಿಟ್ಟಿತ್ತು, ಅದೂ ಹೆಲ್ಮೆಟ್ ಇದ್ದೂ. ಮರುವರ್ಷ 13ಕ್ಕೆ ಟೋಕಿಯೋದಲ್ಲಿ ಕಂಚು ಗೆದ್ದಳು. ಪದಕ ಎಲ್ಲರಿಗೂ ಗೊತ್ತು, ಆಸ್ಪತ್ರೆ ಯಾರಿಗೂ ನೆನಪಿಲ್ಲ.

ಆ ಅಪ್ಪ ಮಗಳು ಇನ್ನೆರಡು ವಾರ ಬಂದರು, ಆಮೇಲೆ ಬರಲಿಲ್ಲ. ಸಾರ್, ಇದನ್ನು ಓದುತ್ತಿದ್ದರೆ, ಅವಳ ನೀಲಿ ಹೆಲ್ಮೆಟ್ ನನ್ನ ಹತ್ತಿರವೇ ಇದೆ. ಸುಮ್ನೆ ಕರೆದುಕೊಂಡು ಬನ್ನಿ. ಅದೇ ರಸ್ತೆ, ಆರು ಗಂಟೆ.