ಕಾಶಿಯಿಂದ ಬಂದ ನಾಲ್ಕು ಡಬ್ಬಿಗಳು

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಬಂದಾಗ ಮೇಜಿನ ಮೇಲೆ ಪರೀಕ್ಷೆಗೆ ಬಂದ ಮಲದ ನಾಲ್ಕು ಡಬ್ಬಿ ಕಾಯುತ್ತಿದ್ದವು. ಕಾಶಿಯಾತ್ರೆ ಮುಗಿಸಿ ಬಂದ ಒಂದೇ ತಂಡದವರದ್ದು. ವಾಪಸ್ ಬರುವಾಗ ರೈಲಿನಲ್ಲೇ ಭೇದಿ ಹಿಡಿದಿತ್ತಂತೆ. ಮೂರು ಡಬ್ಬಿಯಲ್ಲಿ ಬರೀ ನೀರು. ಒಬ್ಬ ಅಜ್ಜಿಯದ್ದರಲ್ಲಿ ಮಾತ್ರ ಲೋಳೆ, ಅದರ ಮೇಲೆ ಕೆಂಪು ಗೆರೆ.

ರಕ್ತ ಕಂಡ ಜಾಗದ ಲೋಳೆಯನ್ನೇ ತಂತಿಯ ಲೂಪಿನಲ್ಲಿ ತೆಗೆದು, ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಪ್ಲೇಟಿನ ಮೇಲೆ ಗೀರಿದೆ. ರೋಗಾಣು ಸಿಗುವ ಸಾಧ್ಯತೆ ಅಲ್ಲಿ ಜಾಸ್ತಿ. ನೀರಾಗಿದ್ದ ಮೂರಕ್ಕೆ ಕಾಲರಾ ಪ್ಲೇಟನ್ನೂ ಹಾಕಿದೆ. ಎಲ್ಲ 37 ಡಿಗ್ರಿಯಲ್ಲಿ ಒಂದು ರಾತ್ರಿ.

ಮಾರನೇ ದಿನ ಅಜ್ಜಿಯ ಪ್ಲೇಟಿನಲ್ಲಿ ಗುಲಾಬಿ ಚುಕ್ಕಿಗಳ ನಡುವೆ ಬಣ್ಣವೇ ಇಲ್ಲದ ಸಣ್ಣ ಚುಕ್ಕಿಗಳು. ಪ್ಲೇಟಿನಲ್ಲಿರುವ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ತಿನ್ನುವ ಬ್ಯಾಕ್ಟೀರಿಯಾ ಆಮ್ಲ ಬಿಟ್ಟು ಗುಲಾಬಿಯಾಗುತ್ತವೆ. ಇವು ತಿಂದಿರಲಿಲ್ಲ. ಬುಧವಾರ ಅದರ ಒಂದು ಚೂರನ್ನು ಸ್ಲೈಡಿನ ಮೇಲೆ ಸಲೈನ್‌ನಲ್ಲಿ ಕಲಸಿ, ಶಿಗೆಲ್ಲಾ ಬ್ಯಾಕ್ಟೀರಿಯಾವನ್ನು ಗುರುತಿಸಿ ಅಂಟಿಸುವ ಸೀರಮ್ ಒಂದು ಹನಿ ಬಿಟ್ಟು ಅಲ್ಲಾಡಿಸಿದೆ. ಹಾಲು ಒಡೆದ ಹಾಗೆ ಕಣ ಕಣವಾಯಿತು. ರಕ್ತಭೇದಿ ತರುವ ಶಿಗೆಲ್ಲಾನೇ. ಅಜ್ಜಿಗೆ ಕೊಡುತ್ತಿದ್ದ ಮಾತ್ರೆಗೆ ಅದು ಬಗ್ಗುವುದಿಲ್ಲ ಅಂತ ಗುರುವಾರ ಗೊತ್ತಾಯಿತು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ, ಔಷಧಿ ಬದಲಾಯಿತು.

ಮಿಕ್ಕ ಮೂವರ ಪ್ಲೇಟಿನಲ್ಲಿ ಬರೀ ಗುಲಾಬಿ. ಇ. ಕೋಲೈ, ಎಲ್ಲರ ಕರುಳಿನಲ್ಲೂ ಇರುವಂಥದ್ದು. ಕಾಲರಾ ಪ್ಲೇಟಿನಲ್ಲಿ ಕಾಲರಾ ಬ್ಯಾಕ್ಟೀರಿಯಾದ ಹಳದಿ ಚುಕ್ಕಿ ಒಂದೂ ಇಲ್ಲ. 'ರೋಗಕಾರಕ ಬ್ಯಾಕ್ಟೀರಿಯಾ ಬೆಳೆದಿಲ್ಲ' ಅಂತ ಬರೆದು ಸಹಿ ಹಾಕಿದೆ.

ರಿಪೋರ್ಟ್ ಒಯ್ಯಲು ಬಂದ ಹುಡುಗ ಅದನ್ನು ಎರಡು ಸಲ ಓದಿದ. "ಮೇಡಂ, ಏನೂ ಇಲ್ಲ ಅಂತ ಬಂದಿದೆ. ನಮ್ಮಪ್ಪ ಮೂರು ದಿನ ಹಾಸಿಗೆ ಬಿಟ್ಟು ಎದ್ದಿಲ್ವಲ್ಲ?"

ಆ ಮಾತು ನನಗೆ ಚುಚ್ಚಿತು. ಪ್ರಯಾಣಿಕರಿಗೆ ಭೇದಿ ಹಿಡಿಸುವುದರಲ್ಲಿ ಇಟೆಕ್ ಎನ್ನುವ ಇ. ಕೋಲೈ ತಳಿಯದ್ದೇ ದೊಡ್ಡ ಕೈ. ನಮ್ಮ ಪ್ಲೇಟಿನಲ್ಲಿ ಅದೂ ಗುಲಾಬಿಯೇ. ಕರುಳಿನಿಂದ ನೀರು ಹರಿಸುವ ವಿಷದ ಜೀನ್ ಅದರಲ್ಲಿದೆಯಾ ಅಂತ ನೋಡಲು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಬೇಕು. ಅದು ನಮ್ಮಲ್ಲಿಲ್ಲ. 1956ರಲ್ಲೇ ಕಲ್ಕತ್ತಾದ ವಿಜ್ಞಾನಿ ಶಂಭುನಾಥ್ ಡೇ ಮತ್ತು ಜೊತೆಯವರು ಭೇದಿ ರೋಗಿಗಳ ಇ. ಕೋಲೈಯನ್ನು ಮೊಲದ ಕರುಳಿಗೆ ಬಿಟ್ಟು ನೋಡಿದ್ದರು. ಕೆಲವು ತಳಿಗಳಿಗೆ ಕರುಳು ನೀರು ತುಂಬಿ ಊದಿಕೊಂಡಿತ್ತು. ಅದನ್ನೆಲ್ಲ ಓದಿಕೊಂಡಿದ್ದ ನಾನು ಸುಮ್ನೆ 'ಬೆಳೆದಿಲ್ಲ' ಅಂತ ಬರೆದಿದ್ದೆ.

ಹುಡುಗನನ್ನು ಕೂರಿಸಿ, ಮುಚ್ಚಳ ತೆಗೆಯದೆ ಪ್ಲೇಟನ್ನು ಬೆಳಕಿಗೆ ಹಿಡಿದು ತೋರಿಸಿದೆ. "ಇದರಲ್ಲಿ ಒಳ್ಳೇದೂ ಕೆಟ್ಟದ್ದೂ ಒಂದೇ ಥರ ಕಾಣುತ್ತಪ್ಪ. ಬೇರೆ ಮಾಡೋಕೆ ನನಗಿಲ್ಲಿ ಆಗಲ್ಲ."

ಅವನು ಸ್ವಲ್ಪ ಹೊತ್ತು ನೋಡಿ, "ಹಾಗಂತಲೇ ಬರೀಬಹುದಲ್ವಾ ಮೇಡಂ?" ಅಂದ.

ರಿಪೋರ್ಟ್ ವಾಪಸ್ ಇಸ್ಕೊಂಡು ಹೊಸದು ಬರೆದೆ. 'ಸಾಲ್ಮೊನೆಲ್ಲಾ, ಶಿಗೆಲ್ಲಾ, ಕಾಲರಾ ಬ್ಯಾಕ್ಟೀರಿಯಾ ಬೆಳೆದಿಲ್ಲ. ಇಟೆಕ್ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ.' ಮಿಕ್ಕ ಇಬ್ಬರ ರಿಪೋರ್ಟನ್ನೂ ಅವತ್ತೇ ತಿದ್ದಿದೆ.