ಪುತ್ತೂರಿನ ಅಣ್ಣ ಮತ್ತು ಕಾನ್ಸುಲೇಟಿನ ಕೌಂಟರ್

ರಾಯಭಾರ ಕಚೇರಿ, ಅದರ ಶಾಖೆಯಂಥ ಕಾನ್ಸುಲೇಟ್ ಅಂದ್ರೆ ದೊಡ್ಡವರ ಲೋಕ ಅಂತ ತಿಳಿದಿದ್ದೆ. ಬಾವುಟ, ಸೂಟು, ಮಂತ್ರಿಗಳ ಜೊತೆ ಊಟ. ಶಾರ್ಜಾಕ್ಕೆ ಬಂದು ಆರು ವರ್ಷವಾದರೂ ಆ ಕಡೆ ತಲೆ ಹಾಕಿರಲಿಲ್ಲ.

ಒಂದು ಗುರುವಾರ ರಾತ್ರಿ ನಮ್ಮ ರೂಮಿನ ಪುತ್ತೂರಿನ ಅಣ್ಣ ಮಲಗಿದಲ್ಲೇ ತೀರಿಕೊಂಡರು. ಹೃದಯಾಘಾತ. ಊರಲ್ಲಿ ಅತ್ತಿಗೆ, ಇಬ್ಬರು ಹೆಣ್ಣುಮಕ್ಕಳು. ಅತ್ತಿಗೆ ಫೋನಲ್ಲಿ ಕೇಳಿದ್ದು ಒಂದೇ ಮಾತು: "ಮುಖ ಒಮ್ಮೆ ನೋಡ್ಲಿಕ್ಕೆ ಸಿಗ್ತದಾ ತಮ್ಮಾ?"

ಪಾಸ್‌ಪೋರ್ಟ್ ಕಂಪನಿಯ ಲಾಕರಿನಲ್ಲಿತ್ತು. ಅದನ್ನು ಬಿಡಿಸಿಕೊಳ್ಳಲು ಎರಡು ದಿನ ಬೇಕಾಯಿತು. ಪೊಲೀಸರ ಕಾಗದ, ಮರಣ ಪತ್ರ ಎಲ್ಲ ಹಿಡಿದು ದುಬೈಗೆ ಹೋದೆ. ಭಾರತದ ರಾಯಭಾರ ಕಚೇರಿ ಯುಎಇ ದೇಶದ ರಾಜಧಾನಿ ಅಬುಧಾಬಿಯಲ್ಲಿದೆ. ದುಬೈ, ಶಾರ್ಜಾ ಮತ್ತು ಉತ್ತರದ ಎಮಿರೇಟು (ಇಲ್ಲಿನ ಸಂಸ್ಥಾನ)ಗಳವರಿಗೆ ದುಬೈಯ ಕಾನ್ಸುಲೇಟೇ ಗತಿ. ಅಲ್ಲಿ ಸಾವು ನೋಂದಾಯಿಸಬೇಕು, ಪಾಸ್‌ಪೋರ್ಟ್ ರದ್ದಾಗಬೇಕು, ಊರಿಗೆ ಸಾಗಿಸಲು ಒಪ್ಪಿಗೆ ಪತ್ರ ಸಿಗಬೇಕು. ಇಷ್ಟಾಗದೆ ಶವ ವಿಮಾನ ಹತ್ತುವುದಿಲ್ಲ.

ಕೌಂಟರಿನವರು ಪುಟ ತಿರುಗಿಸಿದರು. ಫೋಟೋದಲ್ಲಿ ಅಣ್ಣನ ಕಾಲರು ಒಂದು ಬದಿ ಮಡಚಿಕೊಂಡಿತ್ತು. ರದ್ದಾಗಿದೆ ಅನ್ನುವ ಮುದ್ರೆ ಬಿತ್ತು. ಆಮೇಲೆ ಅವರು ಮೆಲ್ಲಗೆ ಕೇಳಿದರು, "ಬಾಕಿ ಸಂಬಳ, ಗ್ರಾಚ್ಯುಟಿ ಬಂತಾ?" ನಮಗೆ ಯಾರಿಗೂ ಅದು ತೋಚಿರಲೇ ಇಲ್ಲ. ಅದಕ್ಕೂ ಅರ್ಜಿ ಬರೆಸಿಕೊಂಡರು.

ಸಾಗಿಸುವ ಖರ್ಚು ಕೊಡಲು ಕಂಪನಿ ಹಿಂದೆಮುಂದೆ ನೋಡುತ್ತಿತ್ತು. ಆಗ ಗೊತ್ತಾಗಿದ್ದು, ಕೈಲಾಗದವರಿಗೆ ಅಂತಲೇ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ ಅಂತ. 2009ರಲ್ಲಿ ಶುರುವಾದದ್ದು. ಪಾಸ್‌ಪೋರ್ಟ್ ಮುಂತಾದ ಕೆಲಸಕ್ಕೆ ಹೋದಾಗ ನಾವೆಲ್ಲ ಕೊಡುವ ಸಣ್ಣ ಶುಲ್ಕವೂ ಅದಕ್ಕೆ ಸೇರುತ್ತದೆ. ಅಣ್ಣನ ದುಡ್ಡೂ ಅದರಲ್ಲಿತ್ತು, ಅಲ್ವಾ?

ಎಲ್ಲವೂ ಕಾನ್ಸುಲೇಟಿನವರ ಕೈಯಲ್ಲಿಲ್ಲ, ನಿಜ. ಇಲ್ಲಿನ ಕಾನೂನು ಮೀರಿ ಯಾರನ್ನೂ ಜೈಲಿನಿಂದ ಬಿಡಿಸಲಾರರು. ಆದರೆ ಬಂಧನದಲ್ಲಿರುವ ತಮ್ಮ ದೇಶದವರನ್ನು ಭೇಟಿಯಾಗುವ ಹಕ್ಕು, ಕಾನ್ಸುಲೇಟುಗಳ ಕೆಲಸದ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಊರಿಂದ ಹೊಸದಾಗಿ ಬರುವ ಹುಡುಗರಿಗೆ ಇದನ್ನು ತಪ್ಪದೆ ಹೇಳುತ್ತೇನೆ: ಪೊಲೀಸರು ಹಿಡಿದರೆ ಗಾಬರಿಯಲ್ಲಿ ಸಿಕ್ಕಿದ ಕಾಗದಕ್ಕೆಲ್ಲ ಸಹಿ ಹಾಕಬೇಡಿ, "ನಮ್ಮ ಕಾನ್ಸುಲೇಟಿಗೆ ತಿಳಿಸಿ" ಅನ್ನಿ.

ಆರನೇ ದಿನ ಅಣ್ಣ ಮಂಗಳೂರಿಗೆ ಹೋದರು. ಅತ್ತಿಗೆ ಮುಖ ನೋಡಿದರು.

ಆ ರಾತ್ರಿ ರೂಮಿನಲ್ಲಿ ಉಳಿದ ಏಳೂ ಜನ ಪಾಸ್‌ಪೋರ್ಟಿನ ಮೊದಲ ಪುಟ, ಊರಿನ ವಿಳಾಸವಿರುವ ಕೊನೆಯ ಪುಟ ಎರಡರ ಪ್ರತಿಯನ್ನೂ ಮನೆಗೆ ವಾಟ್ಸಾಪ್ ಮಾಡಿದೆವು. ಜೊತೆಗೆ ಕಾನ್ಸುಲೇಟಿನ ನಂಬರು.